ಸ್ಯಮಂತಕೋಪಾಖ್ಯಾನವೂ ನಮ್ಮ ತೀರ್ಪುಗಳೂ

ಭಾದ್ರಪದ ಶುಕ್ಲ ಚತುರ್ಥಿಯಂದು ಚಂದ್ರದರ್ಶನವಾದರೆ ಮಿಥ್ಯಾಪವಾದವು ಬರುವುದೆಂದೂ, ಅದರ ಪರಿಹಾರಕ್ಕಾಗಿ ಸ್ಯಮಂತಕೋಪಾಖ್ಯಾನವನ್ನು ಶ್ರವಣ ಮಾಡಬೇಕೆಂದೂ ನಮ್ಮ ಮನೆಗಳಲ್ಲಿ ರೂಢಿಯಿದೆ. ಅಂದು ಸಂಜೆ ಮಕ್ಕಳು ತಲೆ ತಗ್ಗಿಸಿಕೊಂಡು ಅಂಗಳ ದಾಟುವುದು, ಅಕಸ್ಮಾತ್ತಾಗಿ ಚಂದ್ರನು ಕಣ್ಣಿಗೆ ಬಿದ್ದರೆ ಹಿರಿಯರು ಶ್ಲೋಕವನ್ನು ಹೇಳಿಸುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಒಂದು ವಿಷಯವನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಅಪವಾದವು ನಮ್ಮ ಮೇಲೆ ಬಾರದಿರಲೆಂದು ಇಷ್ಟೊಂದು ಎಚ್ಚರ ವಹಿಸುವ ನಾವು, ನಮ್ಮ ಮಾತಿನಿಂದ ಇನ್ನೊಬ್ಬರ ಮೇಲೆ ಅಪವಾದವು ಬಾರದಿರಲೆಂದು ಎಷ್ಟು ಎಚ್ಚರ ವಹಿಸುತ್ತೇವೆ? ಉಪಾಖ್ಯಾನವನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ ಅದು ಅಪವಾದಕ್ಕೆ ಗುರಿಯಾದವನ ಕಥೆ ಮಾತ್ರವಲ್ಲ, ಅಪವಾದವನ್ನು ಹೊರಿಸಿದವರ ಕಥೆಯೂ ಹೌದೆಂಬುದು ತಿಳಿದುಬರುತ್ತದೆ.

ಉಪಾಖ್ಯಾನದಲ್ಲಿ ಕಾಣುವ ತಪ್ಪು ತೀರ್ಪುಗಳು

ಶ್ರೀಮದ್ಭಾಗವತದ ದಶಮಸ್ಕಂಧದ 56 ಮತ್ತು 57ನೆಯ ಅಧ್ಯಾಯಗಳಲ್ಲಿ ಈ ಕಥೆಯಿದೆ. ಸೂರ್ಯನ ಅನುಗ್ರಹದಿಂದ ಸ್ಯಮಂತಕಮಣಿಯನ್ನು ಪಡೆದ ಸತ್ರಾಜಿತನು ಅದನ್ನು ಕೊರಳಲ್ಲಿ ಧರಿಸಿ ದ್ವಾರಕೆಯನ್ನು ಪ್ರವೇಶಿಸಿದಾಗ, ಮಣಿಯ ಕಾಂತಿಯಿಂದ ಕಣ್ಣು ಕೋರೈಸಿದ ಜನರು ಸಾಕ್ಷಾತ್ ಸೂರ್ಯನೇ ಬಂದನೆಂದು ಭ್ರಮಿಸಿ, ಪಗಡೆಯಾಡುತ್ತಿದ್ದ ಶ್ರೀಕೃಷ್ಣನ ಬಳಿಗೆ ಓಡಿಹೋಗಿ ತಿಳಿಸಿದರು. ಸ್ವಾಮಿಯು ನಕ್ಕು, ಬಂದವನು ಸೂರ್ಯನಲ್ಲ, ಸತ್ರಾಜಿತನೆಂದನು. ಇದು ಮೊದಲನೆಯ ತಪ್ಪು ತೀರ್ಪು. ಕೊರಳಿನ ಒಂದು ಮಣಿಯ ಹೊಳಪು ಮನುಷ್ಯನನ್ನೇ ದೇವತೆಯನ್ನಾಗಿ ತೋರಿಸಿತು.

ಆ ಮಣಿಯನ್ನು ಯಾದವರಾಜನಾದ ಉಗ್ರಸೇನನಿಗೆ ಕೊಡೆಂದು ಶ್ರೀಕೃಷ್ಣನು ಕೇಳಿದಾಗ ಸತ್ರಾಜಿತನು ಧನಲೋಭದಿಂದ ಕೊಡಲಿಲ್ಲ. ಕೆಲಕಾಲದ ಮೇಲೆ ಅವನ ತಮ್ಮ ಪ್ರಸೇನನು ಮಣಿಯನ್ನು ಧರಿಸಿ ಬೇಟೆಗೆ ಹೋಗಿ ಸಿಂಹದಿಂದ ಹತನಾದನು. ಆ ಸಿಂಹವನ್ನು ಜಾಂಬವಂತನು ಕೊಂದು ಮಣಿಯನ್ನು ತನ್ನ ಗುಹೆಗೆ ಒಯ್ದನು. ತಮ್ಮನು ಹಿಂದಿರುಗದಿದ್ದಾಗ ಸತ್ರಾಜಿತನಿಗೆ ಸಿಂಹದ ನೆನಪಾಗಲಿಲ್ಲ, ಕಾಡಿನ ಕಳ್ಳರ ನೆನಪಾಗಲಿಲ್ಲ; ಮಣಿಗಾಗಿ ಶ್ರೀಕೃಷ್ಣನೇ ಕೊಂದಿರಬೇಕೆಂಬ ಭಾವನೆಯೊಂದೇ ಮೂಡಿತು. ಅವನಾಡಿದ ಮಾತನ್ನು ಜನರು ಕಿವಿಯಿಂದ ಕಿವಿಗೆ ಪಿಸುಗುಟ್ಟಿದರು. ಇದು ಎರಡನೆಯ ತಪ್ಪು ತೀರ್ಪು. ಮನುಷ್ಯನನ್ನು ಸೂರ್ಯನೆಂದು ಭ್ರಮಿಸಿದ ಊರೇ ನಿರ್ದೋಷನೂ ಗುಣಪೂರ್ಣನೂ ಆದ ಭಗವಂತನಲ್ಲಿ ದೋಷವನ್ನು ಆರೋಪಿಸಿತು.

ಸ್ವಾಮಿಯು ಕೋಪಿಸಿಕೊಳ್ಳಲಿಲ್ಲ. ಊರಿನವರನ್ನೇ ಜೊತೆಗೆ ಕರೆದುಕೊಂಡು ಪ್ರಸೇನನು ಹೋದ ದಾರಿಯನ್ನು ಹಿಡಿದು ಹೊರಟನು. ಪ್ರಸೇನನೂ ಅವನ ಕುದುರೆಯೂ ಸಿಂಹದಿಂದ ಸತ್ತಿರುವುದನ್ನು, ಮುಂದೆ ಬೆಟ್ಟದಲ್ಲಿ ಸಿಂಹವು ಕರಡಿಯಿಂದ ಸತ್ತಿರುವುದನ್ನು ಎಲ್ಲರೂ ಕಂಡರು. ಜನರನ್ನು ಹೊರಗೆ ನಿಲ್ಲಿಸಿ ಸ್ವಾಮಿಯು ಗುಹೆಯನ್ನು ಪ್ರವೇಶಿಸಿದನು. ಒಳಗೆ ಜಾಂಬವಂತನೊಡನೆ 28 ದಿನಗಳ ಯುದ್ಧ ನಡೆಯಿತು. ಹೊರಗಿದ್ದವರು 12 ದಿನ ಕಾದು ದುಃಖದಿಂದ ಊರಿಗೆ ಮರಳಿದರು. ಆಗ ದ್ವಾರಕೆಯವರು ಸತ್ರಾಜಿತನನ್ನು ಶಪಿಸಿದರಂತೆ! ಅವನ ಮಾತನ್ನು ಹೊತ್ತು ತಿರುಗಿದ ಕಿವಿಗಳೂ ಬಾಯಿಗಳೂ ಅದೇ ಊರಿನವೆಂಬುದನ್ನು ಯಾರೂ ನೆನೆಯಲಿಲ್ಲ. ತಮ್ಮ ಪಾಲನ್ನು ಮರೆತು ತಪ್ಪನ್ನು ಒಬ್ಬನ ತಲೆಗೇ ಕಟ್ಟಿದ ಇದು ಮೂರನೆಯ ತಪ್ಪು ತೀರ್ಪು.

ಒಂದೇ ಅಧ್ಯಾಯದಲ್ಲಿ ಮಿತಿಮೀರಿದ ಸ್ತುತಿ, ಆಧಾರವಿಲ್ಲದ ನಿಂದೆ, ತನ್ನ ತಪ್ಪಿನ ವಿಸ್ಮರಣೆ, ಈ ಮೂರೂ ಇವೆ. ನಮ್ಮ ದಿನನಿತ್ಯದ ತೀರ್ಪುಗಳಲ್ಲಿ ಇವಕ್ಕಿಂತ ಬೇರೆಯಾದ ದೋಷವನ್ನು ಹುಡುಕುವುದೇ ಕಷ್ಟ.

ಶಾಸ್ತ್ರವು ತೋರಿಸುವ ದೋಷಮೂಲ

ತಪ್ಪು ತಿಳಿವಳಿಕೆಯು ಹೇಗೆ ಹುಟ್ಟುತ್ತದೆಂಬುದನ್ನು ಶ್ರೀಮದಾಚಾರ್ಯರು ಪ್ರಮಾಣಲಕ್ಷಣದಲ್ಲಿ ಸೂತ್ರಪ್ರಾಯವಾಗಿಯೂ, ಶ್ರೀಮಟ್ಟೀಕಾಕೃತ್ಪಾದರು ಪ್ರಮಾಣಪದ್ಧತಿಯಲ್ಲಿ ವಿಸ್ತಾರವಾಗಿಯೂ ವಿಚಾರಮಾಡಿದ್ದಾರೆ. ದೋಷವಿಲ್ಲದ ಇಂದ್ರಿಯವು ದೋಷವಿಲ್ಲದ ವಿಷಯದೊಡನೆ ಸೇರಿದಾಗ ಮಾತ್ರ ಪ್ರತ್ಯಕ್ಷವು ಪ್ರಮಾಣವಾಗುತ್ತದೆ. ಕಣ್ಣಿಗೆ ಕಾಮಾಲೆಯಿದ್ದರೆ ಬಿಳಿಯ ಶಂಖವೂ ಹಳದಿಯಾಗುವುದು ಇಂದ್ರಿಯದೋಷಕ್ಕೆ ದೃಷ್ಟಾಂತ. ಮನಸ್ಸೂ ಒಂದು ಇಂದ್ರಿಯವೇ; ರಾಗದ್ವೇಷಾದಿಗಳು ಅದರ ಕಾಮಾಲೆ. ಇನ್ನು ವಿಷಯದೋಷಗಳಲ್ಲಿ ಅತಿ ದೂರವಿರುವುದು, ಅತಿ ಸಮೀಪವಿರುವುದು, ಅತಿ ಸೂಕ್ಷ್ಮವಾಗಿರುವುದು, ನಡುವೆ ಮರೆಯಿರುವುದು, ಬೇರೊಂದರಂತೆ ತೋರುವುದು ಮುಂತಾದವು ಸೇರುತ್ತವೆ.

ಇವುಗಳಲ್ಲಿ ಎರಡನ್ನು ಪ್ರಕೃತಕ್ಕೆ ಅನ್ವಯಿಸಿ ನೋಡೋಣ. ಒಂದು ಮರೆ, ಇನ್ನೊಂದು ಅತಿಸಾಮೀಪ್ಯ. ಇನ್ನೊಬ್ಬರ ಕಾರ್ಯ ನಮಗೆ ಕಾಣುತ್ತದೆ. ಆ ಕಾರ್ಯದ ಹಿಂದಿರುವ ಅವರ ಕಷ್ಟ, ಅವಸರ, ಉದ್ದೇಶಗಳು ಮರೆಯಲ್ಲಿರುತ್ತವೆ. ಆದ್ದರಿಂದ ಅವರನ್ನು ಕಾರ್ಯದಿಂದ ಅಳೆಯುತ್ತೇವೆ. ನಮ್ಮ ವಿಷಯದಲ್ಲಾದರೋ ಉದ್ದೇಶವು ಸದಾ ಎದುರಿಗಿರುತ್ತದೆ. ದೋಷವು ಕಣ್ಣಿಗೆ ಹಚ್ಚಿದ ಕಾಡಿಗೆಯಂತೆ ಅತಿ ಸಮೀಪವಿರುವುದರಿಂದ ಕಾಣುವುದಿಲ್ಲ. ಆದ್ದರಿಂದ ನಮ್ಮನ್ನು ಉದ್ದೇಶದಿಂದ ಅಳೆಯುತ್ತೇವೆ. ಅಳತೆಗೋಲು ಎರಡಾದ ಮೇಲೆ ತೀರ್ಪು ನ್ಯಾಯವಾಗುವ ಬಗೆಯೆಂತು? ಪರರಿಗೆ ಒಂದು ಸೇರು, ನಮಗೆ ಇನ್ನೊಂದು ಸೇರು ಇಟ್ಟುಕೊಂಡ ವರ್ತಕನ ವ್ಯಾಪಾರದಂತೆ ನಮ್ಮ ಗುಣದೋಷವಿಮರ್ಶೆಯೂ ನಡೆಯುತ್ತದೆ.

ಇಂದಿನ ಪರಿಶೋಧನೆಗಳ ಸಾಕ್ಷ್ಯ

ಪಾಠಶಾಲೆಯ ಅಧ್ಯಯನದ ಬಳಿಕ ಬಿ.ಎ. ತರಗತಿಯಲ್ಲಿ ಮನಃಶಾಸ್ತ್ರವನ್ನು ಓದುವ ಅವಕಾಶವು ನಮಗೆ ಒದಗಿತ್ತು. ಅಲ್ಲಿ ಓದಿದ ಹಾಗೂ ಅನಂತರ ತಿಳಿದ ಕೆಲವು ಪರಿಶೋಧನೆಗಳು ಮೇಲಿನ ವಿಚಾರಕ್ಕೆ ಪೋಷಕವಾಗಿವೆ.

ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಅಮೆರಿಕದ ವಿದ್ವಾಂಸರು 1920ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ಸೇನಾಧಿಕಾರಿಗಳ ದೇಹಲಕ್ಷಣ, ಬುದ್ಧಿ, ನಾಯಕತ್ವ, ಶೀಲ ಮುಂತಾದವಕ್ಕೆ ಮೇಲಧಿಕಾರಿಗಳು ಕೊಟ್ಟ ಅಂಕಗಳು ಒಂದಕ್ಕೊಂದು ವಿಪರೀತವಾಗಿ ಹೊಂದಿಕೊಂಡಿದ್ದುದನ್ನು ತೋರಿಸಿದರು. ಒಂದು ಗುಣವು ಮೆಚ್ಚಿಗೆಯಾದರೆ ಅದರ ಪ್ರಭೆಯಲ್ಲಿ ಉಳಿದವೂ ಹೊಳೆಯುತ್ತವೆ. ಸತ್ರಾಜಿತನ ಕೊರಳ ಮಣಿಯ ಕೆಲಸವೇ ಇದು. ಇಂಪಾದ ಕಂಠವಿರುವವರೆಲ್ಲ ದೊಡ್ಡ ಪಂಡಿತರೆಂದೂ, ದೊಡ್ಡ ಕಾಣಿಕೆ ಕೊಟ್ಟವರೆಲ್ಲ ಸಜ್ಜನರೆಂದೂ ನಾವು ಎಣಿಸುವುದಿಲ್ಲವೇ?

1973ರಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬವರು ಪ್ರಕಟಿಸಿದ ಪರೀಕ್ಷೆಯೊಂದು ನಮ್ಮಂಥವರಿಗೆ ಬಹಳ ಮನನೀಯ. ಅಮೆರಿಕದ ಪ್ರಿನ್ಸ್‌ಟನ್ನಿನ ಧರ್ಮವಿದ್ಯಾಲಯದಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ಮಂದಿ ವಿದ್ಯಾರ್ಥಿಗಳನ್ನು ಇನ್ನೊಂದು ಕಟ್ಟಡಕ್ಕೆ ಹೋಗಿ ಕಿರುಭಾಷಣ ಮಾಡಲು ಕಳುಹಿಸಿದರು. ಕೆಲವರಿಗೆ ಕೊಟ್ಟ ವಿಷಯವೇ ದಾರಿಯಲ್ಲಿ ಬಿದ್ದ ಪಥಿಕನಿಗೆ ಪರೋಪಕಾರಿಯೊಬ್ಬನು ನೆರವಾದ ಅವರ ಧರ್ಮಗ್ರಂಥದ ಕಥೆ. ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯನು ಕುಸಿದು ಕುಳಿತು, ಕೆಮ್ಮುತ್ತ ನರಳುವಂತೆ ಪರೀಕ್ಷಕರೇ ಏರ್ಪಡಿಸಿದ್ದರು. ಸಾವಕಾಶವಾಗಿ ಹೋದವರಲ್ಲಿ ನೂರಕ್ಕೆ 63 ಮಂದಿ ನೆರವಿಗೆ ನಿಂತರು. ತಡವಾಯಿತು, ಬೇಗ ಹೋಗಿ ಎಂದು ಹೇಳಿಸಿಕೊಂಡವರಲ್ಲಿ ನಿಂತವರು ನೂರಕ್ಕೆ 10 ಮಾತ್ರ. ಭಾಷಣದ ವಿಷಯವು ಪರೋಪಕಾರವೇ ಆಗಿದ್ದುದರಿಂದ ಗಣನೀಯವಾದ ವ್ಯತ್ಯಾಸವಾಗಲಿಲ್ಲ. ಅನ್ಯಮತದವರೆಂದು ನಾವು ನಗಬೇಕಾಗಿಲ್ಲ. ದ್ವಾದಶಿಯ ಬೆಳಿಗ್ಗೆ ಪಾರಣೆಯ ಹೊತ್ತು ಮೀರುತ್ತಿರುವಾಗ ನಲ್ಲಿಯ ಬಳಿ ಯಾರಾದರೂ ವೃದ್ಧರು ಕೊಡ ಎತ್ತಲಾರದೆ ನಿಂತಿದ್ದರೆ ನಮ್ಮಲ್ಲಿ ಎಷ್ಟು ಮಂದಿ ನಿಲ್ಲುವೆವೆಂದು ಕೇಳಿಕೊಂಡರೆ ಸಾಕು. ನಿಲ್ಲದೆ ಹೋದವನನ್ನು ಕಂಡವರು ಕಲ್ಲೆದೆಯವನೆನ್ನುತ್ತಾರೆ. ಅವನ ಎದೆಯಲ್ಲಿ ಇದ್ದದ್ದು ಕಲ್ಲಲ್ಲ, ಅವಸರ.

ಹೀಗೆ ಸಂದರ್ಭದ ಬಲವನ್ನು ಮರೆತು ಎಲ್ಲವನ್ನೂ ಸ್ವಭಾವಕ್ಕೆ ಕಟ್ಟುವ ದೋಷಕ್ಕೆ, ಆರೋಪಣೆಯ ಮೂಲದೋಷವೆಂಬ ಅರ್ಥ ಬರುವ ಹೆಸರನ್ನು ಲೀ ರಾಸ್ ಎಂಬ ವಿದ್ವಾಂಸರು 1977ರಲ್ಲಿ ಇಟ್ಟರು. ಇದು ಎಲ್ಲ ದೇಶದವರಲ್ಲಿಯೂ ಒಂದೇ ಪ್ರಮಾಣದಲ್ಲಿದೆಯೇ ಎಂಬ ಪ್ರಶ್ನೆಗೆ ಉತ್ತರವು ನಮ್ಮ ಮೈಸೂರಿನಿಂದಲೇ ದೊರೆಯಿತೆಂಬುದು ಗಮನಾರ್ಹ. ಜೋನ್ ಮಿಲ್ಲರ್ ಎಂಬ ವಿದುಷಿಯು ಅಮೆರಿಕದ ಶಿಕಾಗೋ ನಗರದವರನ್ನೂ ಮೈಸೂರಿನ ಹಿಂದೂಗಳನ್ನೂ ಪರೀಕ್ಷಿಸಿ 1984ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ಅದರಲ್ಲಿ ಒಂದು ಪ್ರಸಂಗವು ಹೀಗಿದೆ: ವಕೀಲನೊಬ್ಬನ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತಿದ್ದವನು ಬಿದ್ದು ತಲೆಗೆ ಪೆಟ್ಟಾಯಿತು, ವಕೀಲನು ಅವನನ್ನು ಆಸ್ಪತ್ರೆಗೆ ಸೇರಿಸಿ, ಪೆಟ್ಟಿನ ತೀವ್ರತೆಯನ್ನು ವೈದ್ಯರಲ್ಲಿ ವಿಚಾರಿಸದೆ ನ್ಯಾಯಾಲಯಕ್ಕೆ ಹೋದನು, ಗಾಯಗೊಂಡವನು ತೀರಿಕೊಂಡನು. ಅಮೆರಿಕದವರು ಹೆಚ್ಚಾಗಿ ವಕೀಲನ ಬೇಜವಾಬ್ದಾರಿಯ ಸ್ವಭಾವವನ್ನು ಹೇಳಿದರೆ, ಮೈಸೂರಿನವರು ಅವನ ವೃತ್ತಿಕರ್ತವ್ಯ, ಆ ಹೊತ್ತಿನ ಗಾಬರಿ ಮುಂತಾದ ಸಂದರ್ಭಗಳನ್ನು ಹೆಚ್ಚಾಗಿ ಹೇಳಿದರು. ಇನ್ನೂ ಮುಖ್ಯವಾದುದೆಂದರೆ, ಎರಡು ಕಡೆಯ ಚಿಕ್ಕ ಮಕ್ಕಳಲ್ಲಿ ಈ ಅಂತರವು ಅತ್ಯಲ್ಪವಾಗಿದ್ದು, ವಯಸ್ಸಾದಂತೆ ಹೆಚ್ಚುತ್ತ ಹೋಯಿತು. ಎಂದರೆ ಇನ್ನೊಬ್ಬರನ್ನು ಹೇಗೆ ಅಳೆಯಬೇಕೆಂಬುದನ್ನು ಮಕ್ಕಳು ಹಿರಿಯರ ಮಾತಿನಿಂದ ಕಲಿಯುತ್ತಾರೆ. ಇದನ್ನು ಓದಿ ನಾವು ಬೀಗುವಂತಿಲ್ಲ. ಊಟಕ್ಕೆ ಕುಳಿತಾಗ ನೆರೆಯವರ ವಿಷಯವಾಗಿ ಆಡುವ ಪ್ರತಿಯೊಂದು ಮಾತೂ ಮಕ್ಕಳಿಗೆ ಒಂದು ಪಾಠವೆಂಬ ಭಯವು ಹುಟ್ಟಬೇಕು.

ಅತಿಸಾಮೀಪ್ಯದ ದೋಷಕ್ಕೂ ಪರಿಶೋಧನೆಯ ಆಧಾರವುಂಟು. 1979ರಲ್ಲಿ ಮೈಕೇಲ್ ರಾಸ್ ಮತ್ತು ಫಿಯೋರೆ ಸಿಕೋಲಿ ಎಂಬವರು ಮನೆಗೆಲಸದಲ್ಲಿ ತಮ್ಮ ತಮ್ಮ ಪಾಲೆಷ್ಟೆಂದು ದಂಪತಿಗಳನ್ನು ಬೇರೆಬೇರೆಯಾಗಿ ಕೇಳಿದಾಗ, ಹೆಚ್ಚಿನ ಕೆಲಸಗಳಲ್ಲಿ ಇಬ್ಬರ ಪಾಲನ್ನೂ ಕೂಡಿದರೆ ಇಡೀ ಕೆಲಸಕ್ಕಿಂತ ಅಧಿಕವಾಯಿತು. ತಾನು ಮಾಡಿದ್ದು ತನಗೆ ಹತ್ತಿರವಾದ್ದರಿಂದ ನೆನಪಿರುತ್ತದೆ. ಇನ್ನೊಬ್ಬರು ಮಾಡಿದ್ದು ನೆನಪಿಗೆ ಬರುವುದಿಲ್ಲ. ಎಮಿಲಿ ಪ್ರೋನಿನ್ ಮತ್ತು ಅವರ ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ ಲೇಖನವು ಇನ್ನೂ ಆಶ್ಚರ್ಯಕರ. ಪಕ್ಷಪಾತಗಳನ್ನು ವಿವರಿಸಿ ಹೇಳಿದ ಮೇಲೆಯೂ, ಇವು ಸಾಮಾನ್ಯ ಜನರಲ್ಲಿ ಹೆಚ್ಚು, ತಮ್ಮಲ್ಲಿ ಕಡಿಮೆ ಎಂದೇ ಜನರು ಉತ್ತರಿಸಿದರು. ಈ ಲೇಖನವನ್ನು ಓದುತ್ತಿರುವಾಗ ವಾಚಕರ ಮನಸ್ಸಿಗೆ ಇಂಥ ಗುಣವುಳ್ಳ ಬಂಧುಗಳೊಬ್ಬರ ನೆನಪು ಬಂದಿದ್ದು, ತಮ್ಮ ನೆನಪು ಬಾರದಿದ್ದರೆ ಅದಕ್ಕೂ ಇದೇ ಕಾರಣ.

ನಮ್ಮದೇ ಒಂದು ಪ್ರಸಂಗ

ಉಪದೇಶಿಸುವವರು ತಮ್ಮನ್ನು ಹೊರಗಿಟ್ಟುಕೊಳ್ಳಬಾರದು. ಕೆಲವು ವರ್ಷಗಳ ಹಿಂದೆ ಶ್ರೀಗುರುರಾಯರ ಮಧ್ಯಾರಾಧನೆಯ ದಿನ ನಡೆದ ಸಂಗತಿಯನ್ನು ನಿವೇದಿಸುತ್ತೇವೆ. ಅನೇಕ ವರ್ಷಗಳಿಂದ ಪಂಕ್ತಿಯಲ್ಲಿ ಬಡಿಸುವ ಸೇವೆಯನ್ನು ಶ್ರದ್ಧೆಯಿಂದ ನಡೆಸಿಕೊಂಡು ಬರುತ್ತಿದ್ದ ಗೃಹಸ್ಥರೊಬ್ಬರು ಅಂದು ಚಿತ್ರಾನ್ನ ಬಡಿಸಿ, ಸಾರಿನ ಪಾತ್ರೆಯನ್ನು ಗೋಡೆಯ ಬದಿಗಿಟ್ಟು, ಯಾರಿಗೂ ಹೇಳದೆ ಹೊರಟುಹೋದರು. ಪಾತ್ರೆಯು ನಮ್ಮ ಕೈಗೆ ಬಂತು. ನಾವು ಬಡಿಸುತ್ತ, ನಾಲ್ಕು ಜನ ಕೇಳುವಂತೆ, ಅವರಿಗೆ ಹೆಸರು ಬೇಕು, ದುಡಿಮೆ ಬೇಡವೆಂದು ನುಡಿದೆವು. ಕೆಲವರು ನಕ್ಕರು. ಉತ್ತರಾರಾಧನೆಯ ಹೊತ್ತಿಗೆ ಆ ಮಾತು ಕಿವಿಯಿಂದ ಕಿವಿಗೆ, ಮೊಬೈಲಿನಿಂದ ಮೊಬೈಲಿಗೆ ಹೋಗಿ ಅವರ ಮನೆಯನ್ನೂ ಮುಟ್ಟಿತ್ತು.

ಹದಿನೈದು ದಿನಗಳ ಮೇಲೆ ನಿಜವು ತಿಳಿಯಿತು. ಅವರ ಮನೆಯಲ್ಲಿ ತಾಯಿಯವರು ಕಾಲುಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಸುದ್ದಿ ಬಂದೊಡನೆ ಒಬ್ಬ ಹುಡುಗನಿಗೆ, ಭಟ್ಟರಿಗೆ ಹೇಳೆಂದು ತಿಳಿಸಿ ಅವರು ಓಡಿದ್ದರು; ಹುಡುಗನು ಎಲೆಯ ಮುಂದೆ ಕುಳಿತು ಮರೆತಿದ್ದನು. ಅದೇ ವರ್ಷ ಒಂದು ಪಾರಾಯಣವನ್ನು ನಡುವೆಯೇ ಬಿಟ್ಟು ನಾವು ಸ್ವಂತ ಕೆಲಸಕ್ಕೆ ಎದ್ದುಹೋಗಿದ್ದೆವು. ಅದನ್ನು ಅನಿವಾರ್ಯವೆಂದು ಕರೆದೆವು, ದುಡಿಮೆಗಳ್ಳತನವೆಂದು ಕರೆಯಲಿಲ್ಲ.

ಆದರೆ ಅವರ ವಿಷಯದಲ್ಲಿ ಅಷ್ಟು ಬೇಗ ಬಾಯಿಗೆ ಆ ಮಾತು ಬಂದದ್ದೇಕೆ? ಬಹಳ ದಿನ ಯೋಚಿಸಿದ ಮೇಲೆ ಹೊಳೆಯಿತು. ಆರು ತಿಂಗಳ ಹಿಂದೆ ಅವರು ತಮ್ಮ ಮಗನಿಗೆ ಸಂಧ್ಯಾವಂದನೆಯ ಪಾಠ ಹೇಳಿಕೊಡಿರೆಂದು ಕೇಳಿದ್ದರು. ಪುರಸೊತ್ತಿಲ್ಲವೆಂದು ನಾವು ತಪ್ಪಿಸಿಕೊಂಡಿದ್ದೆವು. ಅಂದಿನಿಂದ ಅವರ ಮುಖ ಕಂಡರೆ ಒಳಗೆ ಏನೋ ಇರುಸುಮುರುಸು. ಅವರು ಕೆಟ್ಟವರೆಂದಾದರೆ ನಮ್ಮ ನಿರಾಕರಣೆಯು ಹಗುರವಾಗುತ್ತದಲ್ಲವೇ? ಸತ್ರಾಜಿತನೂ ಮಣಿಯನ್ನು ಕೊಡಲಾರೆನೆಂದವನು. ಕೊಡೆನೆಂದವನ ಮೇಲೆ ಕೇಳಿದವನು ಹಗೆ ಸಾಧಿಸಿರಬೇಕೆಂದು ಅವನ ಮನಸ್ಸು ಕಲ್ಪಿಸಿತು. ನಾವು ಯಾರಿಗೆ ಅನ್ಯಾಯ ಮಾಡಿರುತ್ತೇವೆಯೋ ಅವರಲ್ಲಿಯೇ ದೋಷವನ್ನು ಬೇಗ ಕಾಣುತ್ತೇವೆ. ಉಪಾಖ್ಯಾನದ ಈ ಮರ್ಮವು ಎಷ್ಟೋ ಚೌತಿಗಳಲ್ಲಿ ಪಠಿಸಿದರೂ ನಮಗೆ ತಿಳಿದಿರಲಿಲ್ಲ.

ನಿಶ್ಚಯವೇ ಪ್ರಮಾಣವಲ್ಲ

ಇಲ್ಲಿ ಒಂದು ಶಂಕೆ ಬರಬಹುದು. ನಮ್ಮ ಸಿದ್ಧಾಂತದಲ್ಲಿ ಸಾಕ್ಷಿಯು ಸ್ವರೂಪೇಂದ್ರಿಯ. ಅದರ ಜ್ಞಾನವು ಎಂದೂ ಸುಳ್ಳಾಗದು. ಹಾಗಿರುವಲ್ಲಿ ನಮ್ಮ ಅಂತರಂಗಕ್ಕೆ ನಿಶ್ಚಯವೆಂದು ತೋರಿದ್ದು ತಪ್ಪಾಗುವುದು ಹೇಗೆ? ಉತ್ತರವೇನೆಂದರೆ, ಇಂಥವರು ಇಂಥ ಸ್ವಭಾವದವರೆಂಬ ತೀರ್ಮಾನವು ಮನಸ್ಸಿನ ಕಾರ್ಯ. ಮನಸ್ಸು ಸಂಶಯಕ್ಕೂ ಭ್ರಮೆಗೂ ಆಸ್ಪದವುಳ್ಳದ್ದು. ಸಂದೇಹದ ಸ್ಥಳದಲ್ಲಿ ಪರೀಕ್ಷೆಯ ನೆರವಿನಿಂದಲೇ ಸಾಕ್ಷಿಯು ಜ್ಞಾನದ ಪ್ರಾಮಾಣ್ಯವನ್ನು ನಿಶ್ಚಯಿಸುತ್ತದೆ. ಪೂರ್ವಗ್ರಹವೂ ಗಟ್ಟಿಯಾಗಿಯೇ ಇರುತ್ತದೆ. ಆದರೆ ಆ ಗಟ್ಟಿತನವೇ ಬೇರೆ. ಸಾಕ್ಷಿನಿಶ್ಚಯವು ಪರೀಕ್ಷೆಯನ್ನು ದಾಟಿ ನಿಲ್ಲುತ್ತದೆ. ಪೂರ್ವಗ್ರಹವು ಪರೀಕ್ಷೆಗೆ ಹೆದರಿ ತಪ್ಪಿಸಿಕೊಳ್ಳುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂಬ ನಮ್ಮ ಗಾದೆಯು ಈ ಶಾಸ್ತ್ರಾರ್ಥವನ್ನೇ ಹೇಳುತ್ತದೆ. ಅಂದು ನಾವು ಪಾತ್ರೆಯನ್ನು ಕಂಡೆವು, ಹೋಗುವ ಬೆನ್ನನ್ನು ಕಂಡೆವು. ಏಕೆ ಹೋದರೆಂದು ಒಬ್ಬರನ್ನೂ ಕೇಳಲಿಲ್ಲ.

ಹಾಗೆಂದು ಎಲ್ಲರ ತಪ್ಪನ್ನೂ ಸಂದರ್ಭದ ತಲೆಗೆ ಕಟ್ಟಿ ಸುಮ್ಮನಿರಬೇಕೆಂದು ತಾತ್ಪರ್ಯವಲ್ಲ. ಮುಂದಿನ ಅಧ್ಯಾಯದಲ್ಲಿ ಶತಧನ್ವನು ನಿಜವಾಗಿಯೇ ಸತ್ರಾಜಿತನನ್ನು ಕೊಂದಾಗ ಸ್ವಾಮಿಯು ಅವನನ್ನು ದಂಡಿಸಿದನು. ಅವನಲ್ಲಿ ಮಣಿಯು ದೊರೆಯದಿದ್ದಾಗ, ಅಣ್ಣನಾದ ಬಲರಾಮದೇವರೂ ತನ್ನ ಮಾತನ್ನು ಪೂರ್ಣವಾಗಿ ನಂಬುತ್ತಿಲ್ಲವೆಂದು ಸ್ವಾಮಿಯೇ ಅಕ್ರೂರನಿಗೆ ಹೇಳಿ, ಮಣಿಯನ್ನು ಬಂಧುಗಳೆದುರು ತೋರಿಸಿಸಿದನು. ಇದನ್ನು ಲೋಕಶಿಕ್ಷಣಾರ್ಥವಾದ ಲೀಲೆಯೆಂದು ತಿಳಿಯುವುದು ಉಚಿತ. ನಿರ್ದೋಷನಾದ ಸ್ವಾಮಿಯೇ ಎರಡು ಬಾರಿ ಪರೀಕ್ಷೆಗೆ ಒಪ್ಪಿ ನಿಂತಿರುವಾಗ, ನಮ್ಮ ತೀರ್ಪುಗಳನ್ನು ಪರೀಕ್ಷಿಸಬಾರದೆಂದರೆ ಏನರ್ಥ?

ಅನುಷ್ಠಾನಕ್ಕೆ ನಾಲ್ಕು ನಿಯಮಗಳು

ಮೊದಲನೆಯದಾಗಿ, ಒಬ್ಬರ ವಿಷಯವಾಗಿ ನುಡಿಯುವ ಮುನ್ನ, ನಮಗೆ ಮರೆಯಾಗಿರಬಹುದಾದ ಎರಡು ಕಾರಣಗಳನ್ನಾದರೂ ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. ಸಾಧ್ಯವಾದರೆ ಅವರನ್ನೇ ಕೇಳಬೇಕು.

ಎರಡನೆಯದಾಗಿ, ಹೆಸರುಗಳನ್ನು ಅದಲುಬದಲು ಮಾಡಿ ನೋಡಬೇಕು. ಸೊಸೆ ಮಾಡಿದ್ದನ್ನು ಮಗಳು ಮಾಡಿದ್ದರೆ, ನೆರೆಯವನು ಮಾಡಿದ್ದನ್ನು ನಾವೇ ಮಾಡಿದ್ದರೆ ಏನೆನ್ನುತ್ತಿದ್ದೆವು? ಮಾತು ಬದಲಾಗುವುದಾದರೆ ಅಳತೆಗೋಲು ಎರಡಿದೆಯೆಂದು ತಿಳಿಯಬೇಕು.

ಮೂರನೆಯದಾಗಿ, ವ್ಯವಹಾರದಲ್ಲಿ ಸ್ವಾರ್ಥಸಂಬಂಧವುಳ್ಳವರು, ಆಪ್ತರು, ವೈರಿಗಳು ಸಾಕ್ಷಿಗಳಾಗಲು ಅರ್ಹರಲ್ಲವೆಂದು ಮನುಸ್ಮೃತಿಯು ವಿಧಿಸುತ್ತದೆ. ಯಾರೊಡನೆ ನಮಗೆ ಹಳೆಯ ವ್ಯಾಜ್ಯವೋ, ವಿಶೇಷ ಮಮತೆಯೋ, ತೀರಿಸದ ಋಣವೋ ಇದೆಯೋ ಅವರ ವಿಷಯದಲ್ಲಿ ನ್ಯಾಯಾಧೀಶರ ಪೀಠದಿಂದ ನಾವಾಗಿಯೇ ಇಳಿಯಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು. ಅಪವಾದವನ್ನು ಎಲ್ಲಿ ಹರಡಿದೆವೋ ಅಲ್ಲಿಯೇ ಅದನ್ನು ಹಿಂತೆಗೆದುಕೊಳ್ಳಬೇಕು. ಶ್ರೀಕೃಷ್ಣನು ಮಣಿಯನ್ನು ತಂದಮೇಲೆ ಗುಟ್ಟಾಗಿ ಸತ್ರಾಜಿತನ ಮನೆಗೆ ಕಳುಹಿಸಲಿಲ್ಲ. ಅವನನ್ನು ಸಭೆಗೆ ಕರೆಸಿ, ರಾಜನ ಸನ್ನಿಧಿಯಲ್ಲಿ, ಮಣಿಯು ದೊರೆತ ವೃತ್ತಾಂತವನ್ನೆಲ್ಲ ಹೇಳಿ, ಎಲ್ಲರೆದುರು ಅವನ ಕೈಗಿತ್ತನು. ಪಿಸುಮಾತಿನಿಂದ ಹರಡಿದ ಸುಳ್ಳನ್ನು ಸಭೆಯ ನಿಜವು ತೊಳೆಯಿತು.

ನಾವು ಆ ಗೃಹಸ್ಥರ ಮನೆಗೆ ಹೋಗಿ ಕ್ಷಮೆ ಕೇಳಿದ್ದುಂಟು. ಇರಲಿ ಬಿಡಿ ಎಂದು ಅವರು ಕಾಫಿ ಕೊಟ್ಟು ಕಳುಹಿಸಿದರು. ಆದರೆ ಮಾತನ್ನು ಆಡಿದ್ದು ಪಂಕ್ತಿಯಲ್ಲಿ. ಕ್ಷಮೆ ಕೇಳಿದ್ದು ನಾಲ್ಕು ಗೋಡೆಗಳ ನಡುವೆ. ಅಂದಿನಿಂದ ಅವರು ಬಡಿಸಲು ನಿಲ್ಲಲಿಲ್ಲ. ಈ ವರ್ಷದ ಶ್ರಾವಣದ ಆರಾಧನೆಯಲ್ಲಿಯೂ ಪಂಕ್ತಿಯ ಕೊನೆಯಲ್ಲಿ ಕುಳಿತು, ಪ್ರಸಾದ ಸ್ವೀಕರಿಸಿ, ಮೌನವಾಗಿ ಎದ್ದುಹೋದರು. ಅವರ ಹೆಸರನ್ನು ಇಲ್ಲಿ ಬರೆಯುವುದು ಉಚಿತವಲ್ಲ, ಬಲ್ಲವರು ಬಲ್ಲರು. ಅಂದು ನಮ್ಮ ಮಾತನ್ನು ಕೇಳಿ ನಕ್ಕವರ ಮನೆಗಳಿಗೆ ಈ ಪತ್ರಿಕೆಯೂ ಹೋಗುತ್ತದೆ. ಆದ್ದರಿಂದ ಅಂದು ನಾವು ಆಡಿದ್ದು ಸುಳ್ಳೆಂದೂ, ಅವರಲ್ಲಿ ಯಾವ ದೋಷವೂ ಇರಲಿಲ್ಲವೆಂದೂ ಈ ಪುಟದಲ್ಲಿ ಒಪ್ಪಿಕೊಳ್ಳುತ್ತೇವೆ. ಮುಂದಿನ ಮಧ್ಯಾರಾಧನೆಯಲ್ಲಿ ಪಂಕ್ತಿಯ ಎದುರಿನಲ್ಲಿಯೇ ಇದನ್ನು ಹೇಳಿ, ಸಾರಿನ ಪಾತ್ರೆಯನ್ನು ಅವರ ಕೈಗೆ ಕೊಡುವ ಸಂಕಲ್ಪವಿದೆ. ಅವರು ಸ್ವೀಕರಿಸುವುದೂ ಬಿಡುವುದೂ ಅವರ ಇಚ್ಛೆ. ಅವರ ಮಗನಿಗೆ ಈ ಪೌರ್ಣಮಿಯಿಂದ ಪಾಠವು ಆರಂಭವಾಗಲಿದೆ.

ಈ ಚೌತಿಯಂದು ಸ್ಯಮಂತಕೋಪಾಖ್ಯಾನವನ್ನು ಓದುವಾಗ ವಾಚಕರು, ನಮ್ಮ ಮೇಲೆ ಯಾವ ಅಪವಾದವಿದೆಯೆಂದು ಒಮ್ಮೆ, ನಮ್ಮಿಂದ ಯಾರ ಮೇಲೆ ಯಾವ ಅಪವಾದವು ಉಳಿದಿದೆಯೆಂದು ಎರಡು ಬಾರಿ ಸ್ಮರಿಸಿಕೊಳ್ಳಲಿ ಎಂದು ಪ್ರಾರ್ಥನೆ.

॥ ಶ್ರೀಕೃಷ್ಣಾರ್ಪಣಮಸ್ತು ॥